ಸೈಲೆನ್ಸರಿಗೆ ಕಟ್ಟಿದ ಉಪ್ಪು

ಮನುಷ್ಯನಿಗೆ ಕಾಯಿಲೆಯಾದರೆ ನೋಡಲು ಬಂದವರು ಬಾಳೆಹಣ್ಣೋ ಬಿಸ್ಕತ್ತಿನ ಪೊಟ್ಟಣವೋ ಹಿಡಿದುಕೊಂಡು ಬರುತ್ತಾರೆ. ಅವನ ಕಾರಿಗೆ ಕಾಯಿಲೆಯಾದರೆ ಮಾತ್ರ ಕೈಬೀಸಿಕೊಂಡು ಬಂದು, ಬಾನೆಟ್ಟಿನ ಮೇಲೆ ಕೈಯೂರಿ ನಿಂತು, “ಮಾರಿಬಿಡ್ರಿ ಸರ, ಯಾಕ ಇಟ್ಕೊಂಡೀರಿ?” ಎಂದು ಹೇಳಿ ಹೋಗುತ್ತಾರೆ. ಮನೆಯ ಅಜ್ಜನಿಗೆ ದಮ್ಮು ಹತ್ತಿದಾಗ ಯಾರಾದರೂ ಹೀಗೆ ಹೇಳುತ್ತಾರೆಯೇ? ಮನಸ್ಸಿನಲ್ಲಿದ್ದರೂ ಹೇಳುವುದಿಲ್ಲ. ಶಹಾಪುರದಲ್ಲಿ ನನ್ನ ಪರಿಚಯದವರಲ್ಲಿ ಈ ಸಲಹೆ ಕೊಡದೆ ಉಳಿದವರೇ ಇಲ್ಲ. ಹಾಗೆ ಹೇಳಿದವರಲ್ಲಿ ಒಬ್ಬನಾದರೂ “ನಾ ತಗೋತೀನಿ” ಎಂದಿದ್ದರೆ ಅವನಿಗೆ ಚಹಾ ಕುಡಿಸಿ ಕೀಲಿ ಕೊಟ್ಟು ಕಳಿಸುತ್ತಿದ್ದೆ. ಯಾರೂ ಅನ್ನಲಿಲ್ಲ.

ನಾನು ಸಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮನೆ ಶಹಾಪುರದಲ್ಲಿ. ಮೊದಲಿಂದಲೂ ನಾನು ಅಷ್ಟೇನೂ ಉಲ್ಲಾಸದ ಮನುಷ್ಯನಲ್ಲ. ನಾನು ತರಗತಿಯೊಳಗೆ ಕಾಲಿಟ್ಟರೆ ಮಕ್ಕಳು ಯಾರೋ ತೀರಿಕೊಂಡಿರಬೇಕು, ರಜೆ ಸಿಗುತ್ತದೆ ಎಂಬ ಆಸೆಯಿಂದ ನನ್ನ ಮುಖ ನೋಡುತ್ತಾರೆ. ಕಾರು ಕೂಡ ನನ್ನ ಸ್ವಭಾವದ್ದೇ. ನಾನು ಕೊಳ್ಳುವಾಗಲೇ ಅದಕ್ಕೆ ವಯಸ್ಸಾಗಿತ್ತು. ಚಾಲೂ ಮಾಡಿದರೆ ಮೊದಲು ಒಂದು ನಿಟ್ಟುಸಿರು ಬಿಡುತ್ತದೆ, ಆಮೇಲೆ ಯೋಚನೆ ಮಾಡುತ್ತದೆ, ಆಮೇಲೆ ನಿನ್ನ ಕರ್ಮ ಎಂಬಂತೆ ಹೊರಡುತ್ತದೆ. ಇಬ್ಬರಿಗೂ ಹೊಂದಿಕೆಯಾಗಿತ್ತು.

ಹೀಗಿರುವಾಗ ಕಾರು ಅಡ್ಡ ನಡೆಯಲು ಶುರುಮಾಡಿತು. ಮೂತಿ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ. ನೇರ ಹೋಗುತ್ತಿದ್ದರೂ ಹಿಂದಿನಿಂದ ಬರುವವರಿಗೆ ನಾನು ಬಲಕ್ಕೆ ತಿರುಗುತ್ತಿದ್ದೇನೆ ಎನಿಸುತ್ತಿತ್ತು. ಅವರು ಪಾಪ ನಿಂತು ದಾರಿ ಬಿಡುತ್ತಿದ್ದರು, ನಾನು ತಿರುಗುತ್ತಿರಲಿಲ್ಲ, ಆಗ ಬೈಗುಳ ಬರುತ್ತಿತ್ತು. ಎಡಗಡೆಯ ಹಿಂದಿನ ಟೈರು ಒಳಮಗ್ಗುಲಲ್ಲಿ ಬೋಳಾಗುತ್ತ ಬಂತು. ನಾನು ಗಾಳಿ ಹೊಡೆಸಿದೆ. ನಮ್ಮ ಭಾಗದಲ್ಲಿ ಕಾರಿಗೆ ಏನೇ ಆದರೂ ಮೊದಲು ಗಾಳಿ ಹೊಡೆಸುತ್ತೇವೆ, ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಹೊಡೆಸುತ್ತೇವೆ.

ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳಬೇಕು. ಸುಜಾತಾ ಗೋಗಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ತವರು ಸುರಪುರ. ಅವಳಿಗೆ ಮಿಲಿಂದ ಎಂಬ ಒಬ್ಬನೇ ತಮ್ಮನಿದ್ದ. ಕಡೇಚೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ರಜೆ ಬಂದರೆ ಬೈಕಿನ ಮೇಲೆ ಊರಿಗೆ. ಹಾಗೆ ಬರುವಾಗ ಒಂದು ಸಂಜೆ ಯಾದಗಿರಿ ರಸ್ತೆಯಲ್ಲಿ ಹತ್ತಿ ತುಂಬಿಕೊಂಡು ನಿಂತಿದ್ದ ಟ್ರ್ಯಾಕ್ಟರಿಗೆ ಹಿಂದಿನಿಂದ ಹೋಗಿ ಬಡಿದ. ಅಷ್ಟೇ. ನನಗಿಂತ ನೂರು ಪಾಲು ನಗುವ ಹುಡುಗ ಅವನು. ನಮ್ಮ ಮನೆಗೆ ಬಂದರೆ ಬಾಗಿಲಲ್ಲೇ “ಮಾಮಾ, ಇವತ್ತರ ನಕ್ಕೀರೋ ಇಲ್ಲೋ?” ಎಂದು ಕೇಳುತ್ತಿದ್ದ.

ಆಮೇಲೆ ಸುಜಾತಾ ಯಾವ ಗಾಡಿಯನ್ನೂ ಹತ್ತಲಿಲ್ಲ. ಬಸ್ಸು ಬೇಡ, ಆಟೊ ಬೇಡ. ಶಾಲೆಗೆ ಉದ್ದ ರಜೆ ಹಾಕಿದಳು. ತವರಿನಲ್ಲಿ ತಾಯಿ ಅಳುತ್ತಿದ್ದರೂ ಹೋಗಲಾಗದೆ ಇಲ್ಲಿ ಫೋನು ಹಿಡಿದು ಇವಳು ಅಳುತ್ತಿದ್ದಳು. ನಾನು ದಿನಾ ಸಮಾಧಾನ ಹೇಳಿದೆ. ಭಯ ಎಂದರೆ ಏನು, ಅದು ಮೆದುಳಿನಲ್ಲಿ ಹೇಗೆ ಹುಟ್ಟುತ್ತದೆ, ಅದನ್ನು ಬುದ್ಧಿಯಿಂದ ಹೇಗೆ ಗೆಲ್ಲಬೇಕು ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತ ಅಕ್ಕಿ ಆರಿಸುತ್ತಿದ್ದಳು. ಒಂದು ಭಾನುವಾರ ಇದ್ದಕ್ಕಿದ್ದಂತೆ ಸೀರೆ ಉಟ್ಟು ಬಂದು ಕಾರಿನಲ್ಲಿ ಕುಳಿತು, “ನಡ್ರಿ, ಅವ್ವನ್ನ ನೋಡಿ ಬರೂಣು” ಎಂದಳು. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡನ್ನು ಹಿಡಿದುಕೊಂಡೇ ಕುಳಿತಿದ್ದಳು, ಆದರೆ ಕುಳಿತಿದ್ದಳು. ಅಂದಿನಿಂದ ಭಾನುವಾರಕ್ಕೊಮ್ಮೆ ಸುರಪುರ. ನನ್ನ ವಿವೇಕದ ಮಾತು ಕೊನೆಗೂ ನಾಟಿತು ಎಂದು ನಾನು ಒಳಗೊಳಗೇ ಬೀಗಿದೆ. ಸ್ಟಾಫ್ ರೂಮಿನಲ್ಲಿ ಒಂದೆರಡು ಸಲ ಹೇಳಿಯೂ ಬಿಟ್ಟೆ.

ಇಂಥ ಕಾರು ಅಡ್ಡ ನಡೆದರೆ ಸುಮ್ಮನಿರಲಾಗುತ್ತದೆಯೇ? ಖಾಜಾಭಾಯ್ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಯಾದಗಿರಿ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಅವನ ಗ್ಯಾರೇಜು. ಮರವೇ ಗ್ಯಾರೇಜು ಎನ್ನಬಹುದು. ಕೆಲಸಕ್ಕಿಂತ ಬಾಯಿ ಮುಂದು. ಯಾವ ಗಾಡಿ ಬಂದರೂ ಅವನದು ಒಂದೇ ಮಾತು: “ಅರ್ಧ ತಾಸಿನ ಕೆಲಸ ಸರ, ಕುಂದರ್ರಿ.” ಈ ಅರ್ಧ ತಾಸುಗಳಲ್ಲಿ ನನ್ನ ಆಯುಷ್ಯದ ಒಂದು ಭಾಗ ಆ ಮರದ ಕೆಳಗೆ ಕಳೆದುಹೋಗಿದೆ. ಅವತ್ತೂ ಹಾಗೆಯೇ ಹೇಳಿ ಜಾಕ್ ಹಾಕಿ ಎತ್ತಿ, ಕೆಳಗೆ ಫರ್ಸಿ ಕಲ್ಲು ಪೇರಿಸಿಟ್ಟು, ತಾನು ಒಳಗೆ ನುಸುಳಿದ. ಸ್ವಲ್ಪ ಹೊತ್ತು ಸದ್ದಿಲ್ಲ. ಖಾಜಾಭಾಯ್ ಸುಮ್ಮನಿದ್ದಾನೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

“ಸರ, ಇದು ಎಕ್ಸೆಲ್ ಅಲ್ರಿ, ಹಪ್ಪಳ ಆಗ್ಯಾದ,” ಎಂದು ಕೆಳಗಿನಿಂದ ದನಿ ಬಂತು. “ಎಡಗಡಿ ತುದಿ ಜಂಗ ತಿಂದು ಸೀಳ್ಯಾದ. ಇದರ ಮ್ಯಾಲ ಹ್ಯಾಂಗ ತಿರುಗಾಡಾಕತ್ತಿದ್ರಿ? ಇವತ್ತೋ ನಾಳೆಯೋ ಗಾಲಿ ನಿಮ್ಮನ್ನ ದಾಟಿ ಮುಂದ ಹೋಗ್ತಿತ್ತು.”

ಎಕ್ಸೆಲ್ ಎಂದರೆ ಹಿಂದಿನ ಎರಡು ಗಾಲಿಗಳನ್ನು ಹಿಡಿದಿರುವ ಅಡ್ಡ ಕಬ್ಬಿಣ. ನಮ್ಮದು ಒಣ ಸೀಮೆ. ಮಳೆಗಿಂತ ಮಳೆಯ ಸುದ್ದಿಯೇ ಹೆಚ್ಚು. ಇಲ್ಲಿ ಕಬ್ಬಿಣಕ್ಕೆ ಇಷ್ಟು ತುಕ್ಕು ಎಲ್ಲಿಂದ ಬರಬೇಕು? ನಾನು ಹೀಗೆ ಯೋಚಿಸುತ್ತಿರುವಾಗಲೇ ಖಾಜಾಭಾಯ್ ಮತ್ತೆ ಕೂಗಿದ: “ಅರೇ ಸರ, ನಿಮ್ಮ ಗಾಡಿ ಕೆಳಗ ಕಿರಾಣಿ ಅಂಗಡಿ ಅದ ನೋಡ್ರಿ!”

ಅವನು ಒಂದೊಂದಾಗಿ ಹೊರಗೆ ಎಸೆಯತೊಡಗಿದ. ಬಟ್ಟೆಯ ಗಂಟುಗಳು. ಸೈಲೆನ್ಸರನ್ನು ತೂಗುಹಾಕಿದ ಕಂಬಿಗೆ, ಸರಿಯಾಗಿ ಎಕ್ಸೆಲ್ಲಿನ ಎಡತುದಿಗೆ ಒರಗುವಂತೆ, ಒಂದರ ಮೇಲೊಂದು ಕಟ್ಟಿದ್ದವು. ಮೇಲಿನದು ಹೊಸದು, ಒಳಗಿನವು ಹಳೆಯವು, ಅಂಚು ಸುಟ್ಟು ಕರಿಯಾಗಿದ್ದವು. ಬಿಚ್ಚಿದರೆ ಹರಳುಪ್ಪು, ಕಪ್ಪಾಗಿ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿಯ ತೊಟ್ಟು. ಟ್ರ್ಯಾಕ್ಟರ್ ರಿಪೇರಿಗೆಂದು ಬಂದು ಕುಳಿತಿದ್ದ ಗೋಗಿಯ ರೈತರೊಬ್ಬರು ಎದ್ದು ಬಂದು ಬಗ್ಗಿ ನೋಡಿದರು. ಅವರ ಮಗಳು ನನ್ನ ಶಾಲೆಯಲ್ಲೇ ಓದುತ್ತಾಳೆ. “ಬಾಳ ಛಲೋ ಮಾಡೀರಿ ಸರ,” ಎಂದರು. “ನೀವು ಸಾಲ್ಯಾಗ ನಿಂಬಿಹಣ್ಣು ಚಿತ್ರಾನ್ನಕ್ಕ, ಮೆಣಸಿನಕಾಯಿ ಬಜ್ಜಿಗೆ ಅಂತ ಭಾಷಣ ಮಾಡ್ತೀರಂತ ನಮ್ಮ ಹುಡುಗಿ ಹೇಳ್ತಿದ್ಲು. ಅದು ಮಂದೀಗಿ ಬಿಡ್ರಿ. ನಮ್ಮ ಗಾಡಿ ನಾವು ನೋಡ್ಕೋಬೇಕು.”

ಭೂಮಿ ಬಾಯಿ ಬಿಡಲಿ ಎಂದು ಕಾದೆ, ಬಿಡಲಿಲ್ಲ. ನಮ್ಮದು ಬೌದ್ಧ ಮನೆತನ. ಪಡಸಾಲೆಯಲ್ಲಿ ಬುದ್ಧನ ಫೋಟೊ, ಹುಣ್ಣಿಮೆಗೆ ವಿಹಾರ. ಅಮವಾಸ್ಯೆ ಆಕಾಶದಲ್ಲಿ ಬರುತ್ತದೆ, ಹೋಗುತ್ತದೆ, ನಮ್ಮ ಮನೆಗೆ ಅದರ ಸಂಬಂಧವಿಲ್ಲ. ಆ ದಿನ ಊರಿನ ಗಾಡಿಗಳೆಲ್ಲ ತೆಂಗಿನಕಾಯಿ ಒಡೆಸಿಕೊಂಡು, ನಿಂಬೆಹಣ್ಣು ತುಳಿದು, ಮೂತಿಗೆ ಮೆಣಸಿನಕಾಯಿ ತೂಗಿಸಿಕೊಂಡು ಹೊರಟರೆ ನನ್ನ ಕಾರು ಬೋಳುಮೂತಿಯಲ್ಲಿ ತಲೆಯೆತ್ತಿ ಹೋಗುತ್ತಿತ್ತು. ಮುಂದೆ ತಲೆಯೆತ್ತಿ ಹೋಗುತ್ತಿದ್ದ ಆ ಕಾರಿಗೆ ಹಿಂದೆ ಮನೆಯವರೇ ಉಪ್ಪು ಕಟ್ಟಿದ್ದರು. ಮನೆಯವರೇ ಎಂದು ಹೇಗೆ ಗೊತ್ತಾಯಿತು ಎಂದರೆ, ಎರಡನೆಯ ಗಂಟಿನ ಬಟ್ಟೆ ನನ್ನ ಚೌಕಡಿ ಅಂಗಿಯದು. ಆ ಅಂಗಿಗಾಗಿ ಮನೆಯ ಪೆಟ್ಟಿಗೆಗಳನ್ನೆಲ್ಲ ಜಾಲಾಡಿದ್ದೆ. “ಇಲ್ಲೇ ಎಲ್ಲೋ ಇರ್ತದ, ಎಲ್ಲಿ ಹೋಗ್ತದ?” ಎಂದಿದ್ದಳು ಸುಜಾತಾ. ಖರೆಯೇ ಹೇಳಿದ್ದಳು. ದಿನಾ ನನ್ನ ಜೊತೆಗೇ ಸಗರಕ್ಕೆ ಬಂದು ಹೋಗುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಹೋಗಿ ಏನೇನು ಅನ್ನಬೇಕೆಂದು ಸಾಲು ಸಾಲಾಗಿ ಜೋಡಿಸಿಕೊಳ್ಳತೊಡಗಿದೆ. ಉಪ್ಪಿಗೂ ಕಬ್ಬಿಣಕ್ಕೂ ಇರುವ ವೈರವನ್ನು ಹೇಳಲು ನನಗೆ ಯಾರೂ ಬೇಕಿಲ್ಲ, ಪ್ರತಿವರ್ಷ ಮಕ್ಕಳಿಗೆ ಮೊಳೆಯನ್ನು ಉಪ್ಪುನೀರಿನಲ್ಲಿ ಮುಳುಗಿಸಿ ತೋರಿಸುತ್ತೇನೆ. ಖಾಜಾಭಾಯ್ ಅಭಿಪ್ರಾಯ ಬೇರೆ ಇತ್ತು. “ಇದು ಕಟ್ಟಿದ್ದಕ್ಕ ಉಳದೀರಿ ಸರ. ಇಲ್ಲಂದ್ರ ಎಂದೋ ಖಲ್ಲಾಸ್,” ಎಂದ. ಗೋಗಿಯವರು ಹೌದು ಹೌದು ಎಂದರು. ಅಷ್ಟರಲ್ಲಿ ಕೊನೆಯ ಗಂಟು, ಎಲ್ಲಕ್ಕಿಂತ ಒಳಗಿನದು, ಹೊರಗೆ ಬಂತು. ಮಾಸಿದ ನೀಲಿ ಬಟ್ಟೆ. ದಪ್ಪ ನೇಯ್ಗೆ. ಜೇಬಿನ ಹೊಲಿಗೆ ಇನ್ನೂ ಹಾಗೇ ಇತ್ತು. ಕಡೇಚೂರಿನ ಫ್ಯಾಕ್ಟರಿಯ ಯೂನಿಫಾರ್ಮು.

ಮಿಲಿಂದನ ಅಂಗಿ ಅದು. ಅವಳು ಮೊದಲ ಸಲ ಕಾರು ಹತ್ತಿದ್ದು ನನ್ನ ವಿವೇಕದ ಮಾತು ಕೇಳಿ ಅಲ್ಲ. ತಮ್ಮನ ಅಂಗಿಯ ತುಂಡಿನಲ್ಲಿ ಉಪ್ಪು ಕಟ್ಟಿ, ಗಾಡಿಯ ಕೆಳಗೆ ಕೈ ಹಾಕಿ ಬಿಗಿದು, ಆಮೇಲೆ ಸೀರೆ ಉಟ್ಟು ಬಂದು ಕುಳಿತಿದ್ದಳು. ನಾನು ಸ್ನಾನಕ್ಕೆ ಹೋದಾಗ ಕಟ್ಟಿರಬೇಕು. ಸ್ನಾನಕ್ಕೆ ಹೋದರೆ ನಾನು ಬಹಳ ಹೊತ್ತು. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನಾಲಿಗೆಯ ಮೇಲೆ ಉಳಿಯಲಿಲ್ಲ. ಗೋಗಿಯವರ ಮುಂದೆ ಅಳು ಬರಬಾರದೆಂದು ಬೇವಿನ ಮರವನ್ನು ನೋಡುತ್ತ ನಿಂತೆ. ನನ್ನ ಮುಖ ಯಾವಾಗಲೂ ಹಾಗೇ ಇರುವುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಈಗ ಬಂದದ್ದು ನಿಜವಾದ ಚಿಂತೆ. ಅವಳು ನಂಬಿದ ಉಪ್ಪೇ ಎಕ್ಸೆಲನ್ನು ತಿಂದಿದೆ ಎಂದು ಗೊತ್ತಾದರೆ ಏನಾಗುತ್ತದೆ? ತಮ್ಮನನ್ನು ಉಳಿಸಿಕೊಳ್ಳಲಾಗಲಿಲ್ಲ, ಗಂಡನನ್ನು ಕೈಯಾರೆ ಕೊಲ್ಲುವುದರಲ್ಲಿದ್ದೆ ಎಂದು ಕುಸಿದು ಕೂರುತ್ತಾಳೆ. ಮತ್ತೆ ಕಾರು ಹತ್ತುವುದಿಲ್ಲ. ಮತ್ತೆ ಫೋನು ಹಿಡಿದು ಅಳು. “ಖಾಜಾಭಾಯ್, ಈ ಗಂಟಿನ ಸುದ್ದಿ ನಮ್ಮ ಮನಿಗೆ ಮುಟ್ಟಬಾರದು,” ಎಂದೆ. ಅವನು ಎದೆ ಮುಟ್ಟಿಕೊಂಡು, “ಬಿಲಕುಲ್ ಸರ,” ಎಂದ. ಶಹಾಪುರದಲ್ಲಿ ಖಾಜಾಭಾಯ್ ಎದೆ ಮುಟ್ಟಿಕೊಂಡ ಗುಟ್ಟುಗಳು ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ತಲುಪುತ್ತವೆ. ಬೇರೆ ಉಪಾಯವಿರಲಿಲ್ಲ.

ಎಕ್ಸೆಲ್ ಬದಲಿಸುವುದೆಂದಾಯಿತು. ಕಲಬುರಗಿಯ ಗುಜರಿಯಿಂದ ಇನ್ನೊಂದು ಮುದಿ ಕಾರಿನ ಗಟ್ಟಿ ಎಕ್ಸೆಲ್ ಅಂದೇ ಮಧ್ಯಾಹ್ನದ ಬಸ್ಸಿನ ಮೇಲೆ ಬಂತು. ಆದರೆ ಹೊಗೆಯ ಕೊಳವೆ ಎಕ್ಸೆಲ್ಲಿನ ಕೆಳಗಿನಿಂದ ಹಾದುಹೋಗಿತ್ತು. ಕೊಳವೆ ಬಿಚ್ಚದೆ ಎಕ್ಸೆಲ್ ಇಳಿಯುವುದಿಲ್ಲ. ಕೊಳವೆಗೋ, ಉಪ್ಪಿನ ಪ್ರಸಾದ ಅದಕ್ಕೂ ಸಿಕ್ಕಿತ್ತು. ಮುಟ್ಟಿದರೆ ಪದರು ಪದರಾಗಿ ಕಳಚುತ್ತಿತ್ತು. ಖಾಜಾಭಾಯ್ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿದ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ, ಹೆಸರು ಹಿಡಿದು ಬೈದ. ಒಂದು ಬೋಲ್ಟಿನ ತಲೆ ಟಪ್ಪೆಂದು ಕಿತ್ತು ಅವನ ಹಣೆಗೆ ಬಡಿಯಿತು. ಅವನು ಹೊರಗೆ ಬಂದು ಹಣೆ ತಿಕ್ಕಿಕೊಳ್ಳುತ್ತ, “ಕೊಯ್ದು ಒಗದುಬಿಡೂಣೇನ್ರಿ?” ಎಂದ. ಕೊಯ್ದರೆ ಎಂಜಿನ್ನಿನವರೆಗೂ ಹೊಸದು ಹಾಕಬೇಕು, ಅದು ಎಲ್ಲಿ ಸಿಗುತ್ತದೋ ಯಾರಿಗೂ ಗೊತ್ತಿಲ್ಲ.

ಕೊನೆಗೆ ಅವನು ಕಂಡುಕೊಂಡ ದಾರಿಯೆಂದರೆ ಕೊಳವೆಯ ತಂಟೆಗೇ ಹೋಗದಿರುವುದು. ತೂಗುಹಾಕಿದ ರಬ್ಬರುಗಳನ್ನು ಕಳಚಿ, ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಕೊಳವೆಯನ್ನು ಸ್ವಲ್ಪ ಕೆಳಗೆ ಜೋತು ಬಿಟ್ಟು, ಸಿಕ್ಕ ಸಂದಿಯಲ್ಲಿ ಎಕ್ಸೆಲನ್ನು ಓರೆ ಮಾಡಿ ಪಕ್ಕಕ್ಕೆ ಎಳೆಯುವುದು. ಪಟ್ಟಿಯನ್ನು ಪೂರ್ತಿ ನಂಬುವಂತಿಲ್ಲವಾದ್ದರಿಂದ ಕೊಳವೆಗೆ ಕೈಕೊಟ್ಟು ಹಿಡಿಯಲು ಒಬ್ಬರು ಬೇಕಾಗಿತ್ತು. ಅಲ್ಲಿ ಖಾಲಿ ಕೈ ನನ್ನದೇ. ಗೋಣಿಚೀಲದ ಮೇಲೆ ಅಂಗಾತ ಮಲಗಿ ಎರಡೂ ಅಂಗೈಯಲ್ಲಿ ಆ ಕೊಳವೆಯನ್ನು ಹಸುಗೂಸನ್ನು ಹಿಡಿದಂತೆ ಹಿಡಿದೆ. ಕಣ್ಣಿಗೆ ತುಕ್ಕು ಉದುರುತ್ತಿತ್ತು. “ಸರ, ಅಲುಗಾಡಬ್ಯಾಡ್ರಿ.” “ಇಲ್ಲಪ.” “ಸರ, ಉಸುರು ಮೆಲ್ಲಕ ಬಿಡ್ರಿ.” “ಆತಪ.” ಮಲಗಿದಲ್ಲೇ ನನಗೆ ಅನಿಸಿತು, ನಮ್ಮ ಮನೆಯಲ್ಲೂ ನಾವು ಮಾಡುತ್ತಿರುವುದು ಇದನ್ನೇ. ಮಿಲಿಂದನ ವಿಷಯ ಬಂತೆಂದರೆ ಇಬ್ಬರೂ ಅದನ್ನು ಮುಟ್ಟದೆ, ಓರೆಯಾಗಿ, ಪಕ್ಕದಿಂದ ಹಾದುಹೋಗುತ್ತೇವೆ. ಮುಟ್ಟಿದರೆ ಎಲ್ಲಿಯವರೆಗೆ ಕಳಚುತ್ತದೋ ಎಂಬ ಹೆದರಿಕೆ. ಅರ್ಧ ತಾಸಿನ ಆ ಕೆಲಸ ಮುಗಿದಾಗ ಹೊತ್ತು ಇಳಿದಿತ್ತು. ನನ್ನ ಕೈ ಎರಡು ದಿನ ತಲೆಗಿಂತ ಮೇಲಕ್ಕೆ ಹೋಗಲಿಲ್ಲ.

ಮನೆಗೆ ಬಂದೆ. ಸುಜಾತಾ ಬಾಗಿಲಲ್ಲೇ ನಿಂತಿದ್ದಳು. “ಏನಾಗಿತ್ತಂತ್ರಿ?”

“ರಸ್ತೆ ಅದ ಅಲ್ಲ, ಗುಂಡಿ. ಗುಂಡ್ಯಾಗ ಬಿದ್ದು ಎಕ್ಸೆಲ್ ಬಗ್ಗಿತ್ತು.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಕೆಳಗ ಏನರ ಸಿಕ್ತೇನು?” ಎಂದಳು.

“ಕೆಳಗ ಏನ್ ಸಿಗ್ತದ? ಏನೂ ಇಲ್ಲ.”

ಅವಳ ಮುಖ ಇಳಿದುಹೋಯಿತು. “ಏನೂ ಇರಲಿಲ್ಲೇನು,” ಎಂದು ತನಗೆ ತಾನೇ ಹೇಳಿಕೊಂಡು ಬಚ್ಚಲಿಗೆ ಹೋದಳು. ನನ್ನ ಸುಳ್ಳಿನ ದಡ್ಡತನ ಆಗ ನನಗೆ ಹೊಳೆಯಿತು. ಗಂಟು ಇರಲಿಲ್ಲ ಎಂದರೆ, ಅದು ಎಲ್ಲೋ ಬಿದ್ದುಹೋಗಿತ್ತು, ಅದಕ್ಕೇ ಎಕ್ಸೆಲ್ ಬಗ್ಗಿತು ಎಂದಲ್ಲವೇ ಅವಳು ತಿಳಿಯುವುದು? ನಾನು ಹೇಳಿದ ಒಂದು ಮಾತಿಗೆ ಇನ್ನು ಮುಂದೆ ಎರಡು ಗಂಟು ಬೀಳುತ್ತವೆ.

ಹಾಗೆಯೇ ಆಯಿತು. ಮುಂದಿನ ಅಮವಾಸ್ಯೆಯ ಮರುದಿನ ಬಗ್ಗಿ ನೋಡಿದರೆ ಗುಜರಿಯಿಂದ ತಂದ ಎಕ್ಸೆಲ್ಲಿನ ಮಗ್ಗುಲಲ್ಲಿ ಹೊಸ ಗಂಟು, ಗಟ್ಟಿ ಸೆಣಬಿನ ದಾರದಿಂದ ಬಿಗಿದದ್ದು. ನಾನು ಬಿಚ್ಚಿದೆ. ಹೀಗೆ ಶುರುವಾಯಿತು ನನ್ನ ವ್ರತ. ಅವಳು ಕಟ್ಟುವುದು, ನಾನು ಬಿಚ್ಚುವುದು. ತಿಥಿ ನಕ್ಷತ್ರದ ಗಂಧವಿಲ್ಲದ ನಾನು ಸ್ಟಾಫ್ ರೂಮಿನ ಕ್ಯಾಲೆಂಡರಿನ ಮುಂದೆ ನಿಂತು ಅಮವಾಸ್ಯೆ ಎಷ್ಟು ಗಂಟೆಗೆ ಹಿಡಿಯುತ್ತದೆ, ಎಷ್ಟಕ್ಕೆ ಬಿಡುತ್ತದೆ ಎಂದು ನೋಡತೊಡಗಿದೆ. ಅವಳು ತರಕಾರಿಗೆ ಹೋದ ಸಮಯ ನೋಡಿ ಅಂಗಳದಲ್ಲಿ ಅಂಗಾತ ಬಿದ್ದು ಒಳಗೆ ಸರಿಯುತ್ತಿದ್ದೆ. ಒಳಗೆ ಹೋದ ಮೇಲೆ ಹೇಗೂ ಬಂದಿದ್ದೇನೆ ಎಂದು ಬ್ರೇಕಿನ ಪೈಪು ಮುಟ್ಟಿ ನೋಡುವುದು, ಆ ಮುದಿ ಕೊಳವೆಯ ಯೋಗಕ್ಷೇಮ ವಿಚಾರಿಸುವುದು, ಟೈರಿನ ಒಳಮಗ್ಗುಲು ಸವರುವುದು ಅಭ್ಯಾಸವಾಯಿತು.

ಬಿಚ್ಚಿದ ಉಪ್ಪನ್ನು ಏನು ಮಾಡುವುದು ಎಂಬುದು ಇನ್ನೊಂದು ಪೀಕಲಾಟ. ರಸ್ತೆಯಲ್ಲಿ ಚೆಲ್ಲಿದರೆ ಯಾರಾದರೂ ತುಳಿದಾರು. ತುಳಿದರೆ ಏನಾಗುತ್ತದೆ ಎಂದು ನನ್ನನ್ನು ಕೇಳಬೇಡಿ. ಏನೂ ಆಗುವುದಿಲ್ಲ. ಆದರೂ ತುಳಿಯಬಾರದು. ಗಿಡಕ್ಕೆ ಹಾಕಿದರೆ ಗಿಡ ಸಾಯುತ್ತದೆ, ಅಡಿಗೆಗೆ ಹಾಕಲು ಮನಸ್ಸು ಬರುವುದಿಲ್ಲ. ಕೊನೆಗೆ ಶಾಲೆಯ ಪ್ರಯೋಗಾಲಯಕ್ಕೆ ಒಯ್ದು ಬಾಟಲಿಗೆ ತುಂಬಿ, ಮೇಲೆ ಸೋಡಿಯಂ ಕ್ಲೋರೈಡ್ ಎಂದು ಬರೆದು ಅಂಟಿಸಿದೆ. ಆ ವರ್ಷ ತುಕ್ಕಿನ ಪಾಠ ಬಂದಾಗ ಅದೇ ಉಪ್ಪಿನಲ್ಲಿ ಮೊಳೆ ಮುಳುಗಿಸಿದೆ. “ಸರ, ಉಪ್ಪು ಯಾಕ ಕಬ್ಬಿಣ ತಿಂತದ್ರಿ?” ಎಂದು ಒಬ್ಬಳು ಕೇಳಿದಳು. ಉತ್ತರ ಬಾಯಿಪಾಠವಿತ್ತು. ನಾಳೆ ಹೇಳುತ್ತೇನೆ ಎಂದು ಹೊರಗೆ ಬಂದುಬಿಟ್ಟೆ.

ಎಷ್ಟು ತಿಂಗಳು ಹೀಗೆ ನಡೆಯಿತೋ. ಮೊನ್ನೆ ಒಂದು ಅಮವಾಸ್ಯೆ ಭಾನುವಾರವೇ ಬಿತ್ತು. ಸುರಪುರಕ್ಕೆ ಹೊರಡುವ ಮೊದಲು ಬಿಚ್ಚಿಬಿಡೋಣವೆಂದು, ಅವಳು ಒಳಗೆ ಸೀರೆ ಉಡುತ್ತಿರುವಾಗ ನಾನು ಕಾರಿನ ಕೆಳಗೆ ಸರಿದೆ. ಎಡಕ್ಕೆ ನೋಡಿದೆ, ಗಂಟಿಲ್ಲ. ಬಲಕ್ಕೆ ನೋಡಿದೆ, ಇಲ್ಲ. ಕಂಬಿಯ ಹಿಂದೆ, ಸ್ಪ್ರಿಂಗಿನ ಒಳಗೆ, ಎಲ್ಲ ಕಡೆ ಕೈಯಾಡಿಸಿದೆ. ಎಲ್ಲೂ ಇಲ್ಲ. ಎಲ್ಲಿ ಹೋಯಿತು, ಬಿದ್ದುಹೋಯಿತೇ ಎಂದು ಗಾಬರಿಯಾಯಿತು. ಅದನ್ನು ಬಿಚ್ಚಲಿಕ್ಕೇ ಹೋದವನು ನಾನು ಎಂಬುದು ಆ ಗಾಬರಿಯಲ್ಲಿ ನೆನಪಿಗೇ ಬರಲಿಲ್ಲ.

“ಹುಡುಕಬ್ಯಾಡ್ರಿ. ಕಟ್ಟಿಲ್ಲ.”

ತಲೆ ತಿರುಗಿಸಿ ನೋಡಿದರೆ ಹಿಂದಿನ ಗಾಲಿಯ ಪಕ್ಕದಲ್ಲಿ ಅವಳ ಪಾದಗಳು. ಸೀರೆಯ ಅಂಚು, ಚಪ್ಪಲಿ. ಮುಖ ಕಾಣುತ್ತಿರಲಿಲ್ಲ. ನನಗೆ ಹೊರಗೆ ಬರಲು ಧೈರ್ಯವಾಗಲಿಲ್ಲ. ಕೆಳಗಿನಿಂದಲೇ, “ನಿನಗ ಗೊತ್ತಿತ್ತೇನು?” ಎಂದೆ.

“ತಿಂಗಳಿಗೊಮ್ಮಿ ಅಂ‌ಗಿ ಬೆನ್ನಿಗೆ ಗ್ರೀಸ್ ಹಚ್ಕೊಂಡು ಬರ್ತೀರಿ. ಒಗಿಯೂದು ಯಾರು, ನೀವೇನು?”

“ಮೊದಲ ದಿನದ್ದು?”

“ಅದೂ ಗೊತ್ತಿತ್ತು. ಉಪ್ಪಿನ ಡಬ್ಬಿ ಕಬ್ಬಿಣದ್ದು ಇಡಬಾರದು ಅನ್ನೂದು ನಮ್ಮವ್ವಗೂ ಗೊತ್ತದ, ಕಟ್ಟೂವಾಗ ನನ್ನ ತಲಿಗೆ ಹೊಳೀಲಿಲ್ಲ. ನೀವು ಏನೂ ಸಿಕ್ಕಿಲ್ಲ ಅಂದ್ರಿ ನೋಡ್ರಿ, ಆವಾಗ ತಿಳೀತು, ಅಷ್ಟೂ ಗಂಟು ಒಮ್ಮಿಗೇ ಉದುರ್ತಾವೇನು, ಇವರು ಸುಳ್ಳ ಹೇಳಾಕತ್ತಾರ, ಅಂದ್ರ ನಾ ಕಟ್ಟಿದ್ದ ತಿಂದಾದ ಅಂತ. ಬಚ್ಚಲದಾಗ ಕುಂತು ಅತ್ತೀನಿ. ನಳ ಬಿಟ್ಟು ಅತ್ತೀನಿ, ನಿಮಗ ಕೇಳಬಾರದಂತ.”

ನನ್ನ ಕಣ್ಣಿಗೆ ತುಕ್ಕು ಬಿದ್ದಿರಬೇಕು, ಉರಿಯುತ್ತಿತ್ತು. “ಮತ್ತ ಯಾಕ ಕಟ್ಟಿದಿ? ಪ್ರತಿ ಸಲ ಯಾಕ ಕಟ್ಟಿದಿ, ಸುಜಾತಾ?”

“ಎಕ್ಸೆಲ್ ಬದಲಿಸಿದ ಮ್ಯಾಲ ಮೊದಲನೇ ಸಲ ಸಿಟ್ಟಿಲೆ ಕಟ್ಟೀನಿ. ಸುಳ್ಳ ಹೇಳಿದ್ರಲ್ಲ, ಈಗ ಏನ್ ಮಾಡ್ತೀರಿ ನೋಡೂಣು ಅಂತ. ನೀವು ಕೆಳಗ ಹೋದ್ರಿ. ತರಕಾರಿಗೆ ಹೋದಂಗ ಮಾಡಿ ಹಿತ್ತಲ ಬಾಗಲಿಲೆ ಬಂದು ಅಡಿಗಿ ಮನಿ ಕಿಡಕ್ಯಾಗ ನಿಂತು ನೋಡಿದೆ. ಅದನ್ನ ಬಿಚ್ಚಿದ್ರಿ, ಆಮ್ಯಾಗ ಬ್ರೇಕ್ ನೋಡಿದ್ರಿ, ಟಾಯರ್ ನೋಡಿದ್ರಿ. ಅದಕ್ಕ ಕಟ್ಕೋತ ಹೋದೆ. ಬಿಚ್ಚಾಕಂತರ ತಿಂಗಳಿಗೊಮ್ಮಿ ಬಗ್ಗಿ ನೋಡ್ತೀರಲ್ಲ.” ಅವಳ ಕೈ ಮೇಲೆ ಕಾರಿನ ತಗಡಿಗೆ ಊರಿದ ಸದ್ದಾಯಿತು. “ಮಿಲಿಂದನ ಗಾಡಿ ದೀಪ ಹೋಗಿತ್ರಿ. ನನಗ ಫೋನಿನ್ಯಾಗ ಹೇಳಿದ್ದ. ಹಾಕಸೋ ತಮ್ಮಾ ಅಂದೆ. ನಾಳಿ ಹಾಕಸ್ತೀನಿ ಬಿಡಕ್ಕಾ ಅಂದ. ಯಾರರ ಒಬ್ಬರು ಬಗ್ಗಿ ನೋಡಿದ್ರ ಉಳೀತಿದ್ದ.”

ಇಷ್ಟು ದಿನದಲ್ಲಿ ಅವಳು ಆ ಹೆಸರು ಹಿಡಿದು ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಏನಾದರೂ ಹೇಳಬೇಕಿತ್ತು. ಭಯ ಮೆದುಳಿನಲ್ಲಿ ಹೇಗೆ ಹುಟ್ಟುತ್ತದೆ ಎಂಬುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಕೈ ಚಾಚಿ ಅವಳ ಪಾದದ ಮೇಲಿಟ್ಟೆ. ಗ್ರೀಸ್ ಹತ್ತಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ.

“ಈಗ ಕಟ್ಟೂದಿಲ್ಲ,” ಎಂದಳು, ಮೂಗು ಒರೆಸಿಕೊಂಡ ಸದ್ದಾಯಿತು. “ನಿಮಗ ರೂಢಿ ಆಗ್ಯಾದ. ಇನ್ನ ಉಪ್ಪ ಯಾಕ ಹಾಳು ಮಾಡ್ಲಿ? ಏಳ್ರಿ, ಅಂಗಿ ಬದಲು ಮಾಡ್ರಿ, ಅವ್ವ ದಾರಿ ನೋಡ್ತಿರ್ತಾಳ.”

ಹೊರಟೆವು. ಅವಳು ಡ್ಯಾಶ್‌ಬೋರ್ಡ್ ಹಿಡಿದುಕೊಳ್ಳಲಿಲ್ಲ. ಸೀಟಿಗೆ ಒರಗಿ, ಸೆರಗು ಮುಖದ ಮೇಲೆ ಎಳೆದುಕೊಂಡು, ಹತ್ತಿಗೂಡೂರು ಬರುವ ಮೊದಲೇ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಆ ಸಾವಿನ ನಂತರ ಅವಳು ಓಡುವ ಗಾಡಿಯಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ನೋಡಿ ಹೊಟ್ಟೆ ತಣ್ಣಗಾಯಿತು. ಅದಾದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಏನೋ ಕಟಕಟ ಎಂದಂತಾಯಿತು. ನಿಲ್ಲಿಸಿ, ರಸ್ತೆಯ ಬದಿಯ ಮುಳ್ಳಿನಲ್ಲಿ ಮೊಣಕಾಲೂರಿ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಮತ್ತೆ ಹೊರಟೆ. ಮತ್ತೆ ಕಟಕಟ. ಮತ್ತೆ ಇಳಿದೆ. ಎತ್ತಿನ ಗಾಡಿಯೊಂದು ನನ್ನನ್ನು ದಾಟಿಕೊಂಡು ಮುಂದೆ ಹೋಯಿತು, ಹೊಡೆಯುವವನು ತಿರುಗಿ ತಿರುಗಿ ನೋಡಿದ. ಲಾರಿಗಳು ಹಾರ್ನು ಹೊಡೆದು ಬೈದುಕೊಂಡು ಹೋದವು. ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಸುರಪುರದ ಗುಡ್ಡ ಕಾಣುವ ಹೊತ್ತಿಗೆ ಬೆರಳು ಬಿಚ್ಚಿಕೊಳ್ಳುತ್ತಿರಲಿಲ್ಲ.

ನನ್ನ ಹೆಂಡತಿಯ ಭಯ ಹೋಗಿದೆ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆಲ್ಲ ಹಾಗೆಂದು ಹೇಳುತ್ತೇನೆ, ಅದು ಖರೆಯೂ ಹೌದು. ದೂರವೇನೂ ಹೋಗಿಲ್ಲ. ಅವಳ ಪಕ್ಕದ ಸೀಟಿಗೆ ಬಂದಿದೆ.